ಉಳಿದ ಬಟಾಟಿ, ಹುಳಿದ ಹಿಟ್ಟು

ಆಷಾಢದ ಬೆಳಗು. ನಿಪ್ಪಾಣಿ ಬಸ್ ನಿಲ್ದಾಣದ ಹೊರಗೆ ಜಿಟಿಜಿಟಿ ಮಳೆ. ಕೊಲ್ಹಾಪುರದಿಂದ ಬಂದ ಕೆಂಪು ಬಸ್ಸಿನ ಹಣೆಯ ಮೇಲೆ ಮರಾಠಿ, ಬೆಳಗಾವಿಗೆ ಹೊರಟ ಕೆಂಪು ಬಸ್ಸಿನ ಹಣೆಯ ಮೇಲೆ ಕನ್ನಡ. ಎರಡರಿಂದ ಇಳಿದವರೂ ನೇರ ನಡೆಯುವುದು ತಗಡಿನ ಚಪ್ಪರದ ಕೆಳಗಿನ ಒಂದೇ ಗಾಡಿಗೆ. ಬಾಣಲೆಯಲ್ಲಿ ಎಣ್ಣೆ ಕಾದಿದೆ. ಪಕ್ಕದ ಪರಾತದಲ್ಲಿ ಬೇಯಿಸಿ ಹಿಸುಕಿದ ಬಟಾಟಿ ಗುಡ್ಡೆ ಬಿದ್ದಿದೆ. ಅರಿಶಿನಕ್ಕೆ ಹಳದಿಯಾಗಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಯ ಘಮ ಬಿಡುತ್ತಿದೆ. ಗಾಡಿಯವನು ಉಂಡೆ ಕಟ್ಟಿ ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಾನೆ. ಅದು ಕೆಂಪಾಗುವಷ್ಟರಲ್ಲಿ ಲಾದಿಯಿಂದ ಪಾವೊಂದನ್ನು ಕಿತ್ತು, ನಡುವೆ ಸೀಳಿ, ಒಣ ಚಟ್ನಿ ಉದುರಿಸಿ, ಬಿಸಿ ವಡಾ ಒಳಗಿಟ್ಟು ಅಂಗೈಯಿಂದ ಒತ್ತುತ್ತಾನೆ. ಜೊತೆಗೆ ಉಪ್ಪು ಸವರಿದ ಕರಿದ ಮೆಣಸಿನಕಾಯಿ. “ಎರಡ ಕಟ್ಟರಿ” ಎನ್ನುವ ದನಿಯ ಬೆನ್ನಿಗೇ “ದೋನ್ ಬಾಂಧಾ” ಎನ್ನುವ ದನಿ. ಗಾಡಿಯವನಿಗೆ ಎರಡೂ ಒಂದೇ.

1960ರ ದಶಕದಲ್ಲಿ ಮುಂಬೈನ ದಾದರ್ ಸ್ಟೇಶನ್ನಿನ ಬಳಿ ಹುಟ್ಟಿತೆಂದು ಹೇಳುವ ಈ ತಿನಿಸು ಪುಣೆ–ಬೆಂಗಳೂರು ಹೆದ್ದಾರಿ ಹಿಡಿದು ಇಳಿಯುತ್ತ ಬಂದು ನಿಪ್ಪಾಣಿಯಲ್ಲಿ ಸ್ವಂತ ಮನೆ ಮಾಡಿಕೊಂಡಿದೆ. ಬಟಾಟಿ ಒಳಗೆ, ಪಾವು ಹೊರಗೆ. ಒಂದನ್ನು ಗಾಡಿಯವನ ಮನೆಯಲ್ಲಿ ಬೇಯಿಸಿದ್ದು, ಇನ್ನೊಂದನ್ನು ಬೇಕರಿಯಲ್ಲಿ ಸುಟ್ಟದ್ದು. ಎರಡೂ ಕೂಡುವುದು ತಿನ್ನುವ ಗಳಿಗೆಯಲ್ಲಷ್ಟೇ. ಈ ಬಟಾಟಿಯನ್ನು ಪಾವಿನ ಹಿಟ್ಟಿನೊಳಗೇ ನಾದಿಬಿಟ್ಟರೆ ಏನಾಗುತ್ತದೆ ಎಂಬುದನ್ನು ನೋಡಬೇಕಾದರೆ ನಿಲ್ದಾಣ ಬಿಟ್ಟು, ಓಣಿಗಳನ್ನು ದಾಟಿ, ಚಿಕ್ಕೋಡಿಯ ಒಂದು ಅಡಿಗೆಮನೆಯ ತನಕ ಹೋಗಬೇಕು.

ದಾರಿಯಲ್ಲಿ ಮೊದಲು ಎದುರಾಗುವುದು ತಂಬಾಕಿನ ವಖಾರಿಗಳ ಘಾಟು. ಬೀಡಿ ತಂಬಾಕು ಈ ಊರಿನ ಪೇಟೆ ಕಟ್ಟಿತು. ಎಲೆಗೆ ತಕ್ಕ ಬೆಲೆ ಕೇಳಿ ಬೆಳೆಗಾರರು ಇದೇ ಹೆದ್ದಾರಿಯ ಮೇಲೆ ಕೂತ 1981ರ ಚಳವಳಿಯನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಆ ಘಾಟಿನ ನಡುವೆ ಒಂದು ತಿರುವಿನಲ್ಲಿ ವಾಸನೆ ಬದಲಾಗುತ್ತದೆ: ಕಟ್ಟಿಗೆಯ ಹೊಗೆ, ಸುಟ್ಟ ಹಿಟ್ಟು, ಕರಗಿದ ಡಾಲ್ಡಾ. ಅದು ಬೇಕರಿಯ ಭಟ್ಟಿ. ರಾತ್ರಿ ನಾದಿದ ಹಿಟ್ಟು ನಸುಕಿನಲ್ಲಿ ಬೆಂದು, ಹಾಲಿನವನ ಹಿಂದೆಯೇ ಸೈಕಲ್ ಏರಿ ಓಣಿಗಳಿಗೆ ಹೊರಡುತ್ತದೆ. ಬೀಡಿ ಕಟ್ಟಲು ಬೇಗ ಕೂಡುವ ಹೆಣ್ಣುಮಕ್ಕಳ ಮನೆಗಳಲ್ಲಿ ಮಕ್ಕಳ ಬೆಳಗಿನ ತಿಂಡಿ ಎಂದರೆ ಚಹಾ, ಪಾವು. ಸಂಜೆಗೆ ಖಾರಿ, ಟೋಸ್ಟ್, ಬಟರ್. ಮಿಸಳ್ ತಿನ್ನುವ ದಿನ ಅದರ ಕೆಂಪು ಖಾರದ ರಸವಾದ ಕಟ್‌ನಲ್ಲಿ ಅದ್ದಲು ಸ್ಲೈಸ್ ಬ್ರೆಡ್ಡು.

ಈ ಸೀಮೆಯ ಬೇಕರಿಗೆ ಇನ್ನೊಂದು ಕೆಲಸವೂ ಉಂಟು. ದೀಪಾವಳಿ ಹತ್ತಿರ ಬಂತೆಂದರೆ ಮನೆಯ ಹೆಂಗಸರು ಹಿಟ್ಟು, ತುಪ್ಪ, ಸಕ್ಕರೆ ಹೊತ್ತು ಬೇಕರಿಗೆ ಬರುತ್ತಾರೆ. ಅಲ್ಲೇ ಕೂತು ಕಲಸಿ, ಉಂಡೆ ಒತ್ತಿ, ತಗಡಿನ ಮೇಲೆ ಸಾಲುಸಾಲಾಗಿ ಜೋಡಿಸಿ, ಸುಟ್ಟ ಕೂಲಿ ಕೊಟ್ಟು, ಡಬ್ಬಿ ತುಂಬ ನಾನಕಟಾಯಿ ಒಯ್ಯುತ್ತಾರೆ. ಹಿಟ್ಟು ಮನೆಯದು, ಬೆಂಕಿ ಬೇಕರಿಯದು. ಮನೆಗೆ ಓವನ್ ಬರುವ ಮುಂಚಿನ ಈ ರೂಢಿ ಮುಂದೆ ನಮ್ಮ ಬಟಾಟಿ ಬ್ರೆಡ್ಡಿಗೂ ಕೆಲಸಕ್ಕೆ ಬರುತ್ತದೆ.

ಪಾವು ಈ ಕಡೆಗೆ ಬಂದದ್ದು ಘಟ್ಟದ ಆಚೆಯಿಂದ. ಪೋರ್ಚುಗೀಸರು ಗೋವಾದಲ್ಲಿ ಗೋಧಿ ಹಿಟ್ಟನ್ನು ಉಬ್ಬಿಸಲು ತೆಂಗಿನ ಮರದ ಸೇಂದಿ ಬಳಸಿದರು. ಆಮೇಲೆ ಪ್ಯಾಕೆಟ್ಟಿನ ಈಸ್ಟು ಬಂತು. ಹೊತ್ತು ಉಳಿಯಿತು, ಹುಳಿ ಹೋಯಿತು. ಬಟಾಟಿಯೂ ಅದೇ ಹಡಗುಗಳ ಸರಕು. ಇವತ್ತು ಬೆಳಗಾವಿ ಸುತ್ತಿನ ಕೆಂಪುಮಣ್ಣಿನಲ್ಲಿ ಮಳೆಗಾಲದ ಬೆಳೆಯಾಗಿ ಬಟಾಟಿ ಬೆಳೆಯುತ್ತದೆ, ಚೀಲಗಟ್ಟಲೆ ಚಿಕ್ಕೋಡಿ, ಅಥಣಿಯ ಸಂತೆಗೆ ಬಂದು ಬೀಳುತ್ತದೆ. ಸಂತೆಯಲ್ಲಿ ಅದು ಯಾವ ಕಾಲಕ್ಕೂ ಸಿಗುವ ಕಾಯಿಪಲ್ಲೆ. ಸೊಪ್ಪು ಬಾಡಿದ ದಿನ, ಬದನೆಗೆ ಹುಳ ಬಿದ್ದ ದಿನ, ದಿಢೀರನೆ ಬೀಗರು ಬಂದ ದಿನ ಮನೆಯ ಮರ್ಯಾದೆ ಉಳಿಸುವುದು ಬಟಾಟಿ. ಉಪವಾಸದ ದಿನವಂತೂ ಅದರದೇ ದರ್ಬಾರು.

ನಿಪ್ಪಾಣಿಯಿಂದ ಚಿಕ್ಕೋಡಿ ರಸ್ತೆ ಹಿಡಿದರೆ ಎರಡೂ ಬದಿಗೆ ಕಬ್ಬು, ನಡುನಡುವೆ ಆಗಷ್ಟೇ ಎದ್ದ ಸೋಯಾಬೀನ್. ಚಿಕ್ಕೋಡಿಯ ಈ ಮನೆಯಲ್ಲಿ ನಿನ್ನೆ ಆಷಾಢ ಏಕಾದಶಿ. ಪಂಢರಪುರಕ್ಕೆ ದಿಂಡಿಯ ಜೊತೆ ನಡೆದುಹೋದ ಮಾವನವರು ಇನ್ನೂ ಬಂದಿಲ್ಲ. ಮನೆಯಲ್ಲಿ ಉಳಿದವರು ಮನೆಯಲ್ಲೇ ಉಪವಾಸ ಮಾಡಿದ್ದಾರೆ. ‘ಏಕಾದಶಿ, ದುಪ್ಪಟ ಖಾಶಿ’ ಎಂದು ಗಡಿಯ ಎರಡೂ ಕಡೆ ನಗಾಡುತ್ತಾರೆ. ಉಪವಾಸವೆಂದು ಹೆಸರು, ತಿನ್ನುವುದು ಎರಡರಷ್ಟು. ಸಾಬುದಾಣಿ ಖಿಚಡಿ, ವರಿ ಅನ್ನ, ಶೇಂಗಾದ ಆಮಟಿ, ಜೀರಿಗೆ–ಹಸಿಮೆಣಸಿನಕಾಯಿ ಒಗ್ಗರಣೆಯ ಬಟಾಟಿ ಭಾಜಿ. ಬೇಯಿಸುವಾಗ ಅತ್ತೆ ಎಂದಿನಂತೆ ನಾಲ್ಕು ಮಂದಿಗೆ ಹೆಚ್ಚಾಗುವಷ್ಟೇ ಬೇಯಿಸಿದ್ದಾರೆ. ದ್ವಾದಶಿಯ ಬೆಳಗ್ಗೆ ಫ್ರಿಜ್ಜಿನೊಳಗೆ ಸ್ಟೀಲಿನ ಡಬ್ಬಿ ತುಂಬ ಬಟಾಟಿ ಉಳಿದಿದೆ.

ಉಳಿದ ಬಟಾಟಿಯಲ್ಲೂ ಭೇದವಿದೆ. ವಡಾದ ಬಟಾಟಿಗೆ ಅರಿಶಿನ, ಬೆಳ್ಳುಳ್ಳಿ, ಸಾಸಿವೆ ಎಲ್ಲ ಬಿದ್ದಿರುತ್ತದೆ. ಅದು ಹೋದಲ್ಲೆಲ್ಲ ತನ್ನ ಬಣ್ಣವನ್ನೂ ವಾಸನೆಯನ್ನೂ ಒಯ್ಯುತ್ತದೆ. ಉಪವಾಸದ ಬಟಾಟಿಗೆ ಅರಿಶಿನವಿಲ್ಲ, ಉಳ್ಳಾಗಡ್ಡಿಯಿಲ್ಲ, ಬೆಳ್ಳುಳ್ಳಿಯಿಲ್ಲ. ತುಪ್ಪ, ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು ಇಷ್ಟೇ. ಮೆಣಸಿನಕಾಯಿ ಚೂರುಗಳನ್ನು ಆರಿಸಿ ತೆಗೆದರೆ ಸಾಕು, ಬ್ರೆಡ್ಡಿನ ಹಿಟ್ಟಿಗೆ ಇದಕ್ಕಿಂತ ಒಳ್ಳೆಯ ಬಟಾಟಿ ಬೇರೆ ಬೇಕಿಲ್ಲ.

ಸಾಮಾನ್ಯವಾಗಿ ಇಂಥ ಬಟಾಟಿಗೆ ಈ ಮನೆಗಳಲ್ಲಿ ಗೊತ್ತಿರುವ ದಾರಿ ತಾಲಿಪಟ್ಟಿ. ಜೋಳದ ಹಿಟ್ಟು, ಕಡಲೆಹಿಟ್ಟು, ಕೊತ್ತಂಬರಿ ಕೂಡಿಸಿ, ಒದ್ದೆ ಅರಿವೆಯ ಮೇಲೆ ತಟ್ಟಿ, ನಡುವೆ ಬೆರಳಿನಿಂದ ತೂತು ಮಾಡಿ ಎಣ್ಣೆ ಬಿಟ್ಟು ಬೇಯಿಸಿದರೆ ನಿನ್ನೆಯದು ಇವತ್ತಿನದಾಗುತ್ತದೆ. ತಂಗಳನ್ನು ತಂಗಳೆಂದು ಬಡಿಸದಿರುವುದೇ ಇಲ್ಲಿನ ಅಡಿಗೆಯ ಜಾಣ್ಮೆ. ಉಳಿದ ಚಪಾತಿ ಮುರಿದು ಒಗ್ಗರಣೆ ಕೊಟ್ಟರೆ ಬೆಳಗಿನ ತಿಂಡಿ, ಉಳಿದ ರೊಟ್ಟಿ ಒಣಗಿಸಿದರೆ ಕಟಕ ರೊಟ್ಟಿ, ಉಳಿದ ಅನ್ನಕ್ಕೆ ಮೊಸರು. ಅತ್ತೆಯ ಕೈ ಆಗಲೇ ಜೋಳದ ಹಿಟ್ಟಿನ ಡಬ್ಬಿಯತ್ತ ಹೋಗಿದೆ.

“ಅತ್ತೀ, ಆ ಬಟಾಟಿ ನನಗ ಬೇಕರಿ.”

“ಯಾಕವಾ, ನೀ ಬಡೀತಿ ಏನ ತಾಲಿಪಟ್ಟಿ?”

“ಇಲ್ರಿ. ಬ್ರೆಡ್ ಮಾಡತೇನಿ.”

“ಬಟಾಟೀಲೆ ಬ್ರೆಡ್ಡ? ಮಾಡವಾ, ನೋಡೂನು.”

ಸೊಸೆ ಪುಣೆಯ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುವವಳು. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವರು ಲ್ಯಾಪ್‌ಟಾಪ್ ಜೊತೆ ತಂದ ಹವ್ಯಾಸಗಳಲ್ಲಿ ಈ ಹುಳಿಹಿಟ್ಟಿನ ಬ್ರೆಡ್ಡೂ ಒಂದು. ಅಂಗಡಿ ಮುಚ್ಚಿ ಈಸ್ಟ್ ಸಿಗದೇ ಹೋದಾಗ ಜಗತ್ತಿನ ಎಷ್ಟೋ ಅಡಿಗೆಮನೆಗಳಲ್ಲಿ ಜನ ಹಿಟ್ಟು, ನೀರು ಕಲಸಿಟ್ಟು ಅದು ತಾನೇ ಉಬ್ಬುವುದನ್ನು ಕಾದು ನೋಡಿದರು. ಆ ಕಾಲದ ಬರಣಿಯೊಂದು ಈ ಮನೆಯ ಒಲೆಯ ಪಕ್ಕದ ಮಾಡದಲ್ಲಿ ಉಳಿದುಕೊಂಡಿದೆ. ಒಳಗಿರುವುದು ಗಿರಣಿಯ ಗೋಧಿ ಹಿಟ್ಟು ಮತ್ತು ನೀರು, ಸಮತೂಕದಲ್ಲಿ. ಅರ್ಧ ತೆಗೆದು, ಅಷ್ಟೇ ಹೊಸ ಹಿಟ್ಟು, ಹೊಸ ನೀರು ಕೂಡಿಸುತ್ತ ಹೋದರೆ ಅದು ವರ್ಷಗಟ್ಟಲೆ ಬದುಕುತ್ತದೆ. ಮುಚ್ಚಳ ತೆಗೆದರೆ ಮೇಲೆಲ್ಲ ಗುಳ್ಳೆ, ಮೂಗಿಗೆ ಹುಳಿ.

ಅದೇ ಮಾಡದಲ್ಲಿ, ಬರಣಿಗೆ ಭುಜ ತಾಗಿಸಿ ಕೂತಿರುವುದು ಅತ್ತೆಯ ಮಣ್ಣಿನ ಗಡಿಗೆ. ಅದರಲ್ಲಿ ಅಂಬಲಿ. ರಾತ್ರಿ ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ, ಹಿಂದಿನ ದಿನದ ಅಂಬಲಿ ಒಂದು ಸೌಟು ಬಿಟ್ಟು ಮುಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿ ಬಂದಿರುತ್ತದೆ. ಅದನ್ನು ಕುದಿಸಿ ಆರಿಸಿ, ಮಜ್ಜಿಗೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಕೂಡಿಸಿ ಹೊಲಕ್ಕೆ ಹೋಗುವ ಮುಂಚೆ ಒಂದು ತಂಬಿಗೆ ಕುಡಿದರೆ ಮಧ್ಯಾಹ್ನದವರೆಗೆ ಹಸಿವಿಲ್ಲ, ದಣಿವಿಲ್ಲ. ಎಳ್ಳಮಾಸಿ ಚರಗದ ಬುತ್ತಿಯ ಹುಳಿಬಾನದಲ್ಲೂ ಇದೇ ಹುಳಿ.

ಎರಡು ಪಾತ್ರೆ, ಎರಡು ಧಾನ್ಯ, ಕೆಲಸಗಾರರು ಮಾತ್ರ ಒಂದೇ ಕುಲದವರು. ಹಿಟ್ಟಿನ ಕಣಗಳ ಮೇಲೆ ಮೊದಲಿಂದ ಇದ್ದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಹುಳಿ ಕೊಡುತ್ತವೆ. ಕಾಡು ಈಸ್ಟುಗಳು ಸಕ್ಕರೆ ತಿಂದು ಗಾಳಿ ಬಿಡುತ್ತವೆ. 1971ರಲ್ಲಿ ಅಮೆರಿಕದ ವಿಜ್ಞಾನಿಗಳು ಸ್ಯಾನ್ ಫ್ರಾನ್ಸಿಸ್ಕೋದ ಹುಳಿ ಬ್ರೆಡ್ಡಿನಿಂದ ಇಂಥ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಅದಕ್ಕೆ ಆ ಊರಿನ ಹೆಸರನ್ನೇ ಇಟ್ಟರು. ಜೋಳದಲ್ಲಿ ಗ್ಲುಟೆನ್ ಇಲ್ಲ. ಈಸ್ಟ್ ಬಿಟ್ಟ ಗಾಳಿಯನ್ನು ಹಿಡಿದಿಡುವ ಚೀಲ ಇಲ್ಲದ್ದರಿಂದ ಅಂಬಲಿ ಉಬ್ಬುವುದಿಲ್ಲ, ಹುಳಿಯುತ್ತದೆ ಅಷ್ಟೇ. ಗೋಧಿಯಲ್ಲಿ ಗ್ಲುಟೆನ್ ಇದೆ. ಗಾಳಿ ಒಳಗೇ ನಿಲ್ಲುತ್ತದೆ, ಹಿಟ್ಟು ಏಳುತ್ತದೆ. ಸೊಸೆಯ ಬರಣಿಗೂ ಅತ್ತೆಯ ಗಡಿಗೆಗೂ ಇರುವ ಅಂತರ ಇಷ್ಟು.

ಪರಾತ ನೆಲಕ್ಕೆ ಬಂತು. ಮೈದಾ, ಗಿರಣಿಯಲ್ಲಿ ಬೀಸಿಸಿದ ಲೋಕವಾನ್ ಗೋಧಿ ಹಿಟ್ಟು, ಬರಣಿಯಿಂದ ಎರಡು ಹಿಡಿ ಹುಳಿ. ಬಟಾಟಿಯನ್ನು ಗಂಟಿಲ್ಲದಂತೆ ಬೆರಳಿನಿಂದ ಹೊಸೆದು ಹಿಟ್ಟಿಗೆ ತಿಕ್ಕುತ್ತಾಳೆ, ಆಮೇಲೆ ನೀರು. ಹೊಸಬರು ತಪ್ಪುವುದು ಈ ನೀರಿನಲ್ಲೇ. ಬೆಂದ ಬಟಾಟಿಯ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಅದು ಕೂಡಲೇ ಕಾಣುವುದಿಲ್ಲ. ನಾದುತ್ತ ನಾದುತ್ತ ಹೊರಬರುತ್ತದೆ. ಮೊದಲೇ ಕೈತುಂಬ ನೀರು ಹಾಕಿದವರ ಹಿಟ್ಟು ಅರ್ಧ ಗಂಟೆಯಲ್ಲಿ ಪರಾತಕ್ಕೆ ಅಂಟಿ ಕೂಡುತ್ತದೆ. ಸೊಸೆ ನೀರನ್ನು ಚಿಮುಕಿಸಿ ನಿಲ್ಲಿಸುತ್ತಾಳೆ. ಭಾಜಿಗೆ ಬಿದ್ದ ಉಪ್ಪಿನ ಲೆಕ್ಕ ಹಿಡಿದು ಹಿಟ್ಟಿನ ಉಪ್ಪು ಕಡಿಮೆ ಮಾಡುತ್ತಾಳೆ. ಮೊದಲು ಬಿರುಸಾಗಿದ್ದ ಮುದ್ದೆ ನಾದಿದಂತೆಲ್ಲ ಹೋಳಿಗೆಯ ಕಣಕದಷ್ಟು ಸಡಿಲಾಗಿ, ಹೊಳಪಾಗಿ ಅಂಗೈ ಬಿಡತೊಡಗುತ್ತದೆ. ನಡುನಡುವೆ ಜೀರಿಗೆಯ ಕಾಳು ಇಣುಕುತ್ತವೆ.

ಅತ್ತೆ ಹತ್ತಿರ ಕೂತು ಒಂದು ಚಿವುಟು ಕಿತ್ತು ಮೂಸಿದರು. “ಹಳಸಿದ್ದಲ್ಲ ಬಿಡವಾ. ಅಂಬಲಿ ವಾಸನೀನ ಐತಿ.” ಬೆರಳ ನಡುವೆ ಎಳೆದು ನೋಡಿದರು. ಅದು ಹರಿಯಲಿಲ್ಲ, ಎಳೆಯಾಗಿ ಬಂತು. “ಎಸರಿನ ಹಿಟ್ಟ ಬಂದಂಗ ಜಿಗಿ ಬಂದೈತಿ ನೋಡ.”

ಆ ಒಂದು ಮಾತಿನಲ್ಲಿ ಬಟಾಟಿ ಬ್ರೆಡ್ಡಿನ ಗುಟ್ಟೆಲ್ಲ ಇದೆ. ಅದನ್ನು ಬಿಡಿಸಿ ನೋಡಲು ಅಥಣಿಯ ಕಡೆಗೆ ಹೋಗೋಣ.

ಅಥಣಿ ಬಿಳಿಜೋಳದ ನಾಡು. ಕಪ್ಪುಮಣ್ಣಿನ ಹಿಂಗಾರಿ ಹೊಲಗಳಲ್ಲಿ ಮಾಲದಂಡಿ ಜೋಳ. ಚಪ್ಪಲಿ ಹೊಲಿಯುವವರ ಓಣಿಯಲ್ಲಿ ಚರ್ಮ ಬಡಿಯುವ ಸದ್ದು ಏಳುವ ಹೊತ್ತಿಗೆ ಮನೆಗಳ ಒಳಗಿಂದ ರೊಟ್ಟಿ ಬಡಿಯುವ ಸದ್ದೂ ಏಳುತ್ತದೆ. ಗ್ಲುಟೆನ್ ಇಲ್ಲದ ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಬಡಿದರೆ ಅಂಚೆಲ್ಲ ಸೀಳುತ್ತದೆ. ಅದಕ್ಕೇ ಎಸರು. ನೀರು ಕುದಿಯುವಾಗ ಹಿಟ್ಟಿನ ನಡುವೆ ಗುಂಡಿ ಮಾಡಿ ಸುರಿದು, ಸೌಟಿನಿಂದ ತಿರುವಿ, ಸ್ವಲ್ಪ ಹೊತ್ತು ಮುಚ್ಚಿಟ್ಟು, ಕೈ ತಾಳುವಷ್ಟು ಬಿಸಿ ಇರುವಾಗಲೇ ಒಣಹಿಟ್ಟು ಕೂಡಿಸಿ ನಾದುತ್ತಾರೆ. ಕುದಿನೀರು ಬಿದ್ದ ಕಡೆ ಪಿಷ್ಟದ ಕಣ ಊದಿಕೊಂಡು, ನೀರು ಹೀರಿ, ಅಂಟಾಗುತ್ತದೆ. ಆ ಅಂಟೇ ಉಳಿದ ಹಿಟ್ಟನ್ನೆಲ್ಲ ಹಿಡಿದು ನಿಲ್ಲಿಸುತ್ತದೆ. ಪರಾತದ ಮೇಲೆ ಅಂಗೈ ಬಡಿದಂತೆಲ್ಲ ರೊಟ್ಟಿ ತಿರುಗುತ್ತ ಅಗಲವಾಗುತ್ತದೆ, ಹಂಚಿನ ಮೇಲೆ ನೀರಿನ ಅರಿವೆ ಸವರಿಸಿಕೊಂಡು ಕೆಂಡದ ಪಕ್ಕ ಉಬ್ಬುತ್ತದೆ.

ಬೆಂದ ಬಟಾಟಿ ಎಂದರೆ ಎಸರು ಹಾಕಿ ಮುಗಿಸಿದ ಪಿಷ್ಟ. ಕುಕ್ಕರಿನಲ್ಲಿ ಬೇಯುವಾಗಲೇ ಅದರ ಕಣಗಳು ನೀರು ಕುಡಿದು ಊದಿವೆ. ಬ್ರೆಡ್ಡಿನ ಹಿಟ್ಟಿಗೆ ಅದನ್ನು ನಾದಿದರೆ ಆ ನೀರೆಲ್ಲ ಬಿಗಿಯಾಗಿ ಒಳಗೇ ಉಳಿಯುತ್ತದೆ. ಭಟ್ಟಿಯ ಉರಿಯಲ್ಲೂ ಪೂರ್ತಿ ಆವಿಯಾಗುವುದಿಲ್ಲ. ಬ್ರೆಡ್ಡು ಮರುದಿನ ಗಟ್ಟಿಯಾಗುವುದು ನೀರು ಆರಿದ್ದರಿಂದಷ್ಟೇ ಅಲ್ಲ; ಬೇಯುವಾಗ ಸಡಿಲಾದ ಗೋಧಿಯ ಪಿಷ್ಟ ತಣ್ಣಗಾದಂತೆ ಮತ್ತೆ ಒತ್ತೊತ್ತಾಗಿ ಬಿಗಿದುಕೊಳ್ಳುತ್ತದೆ. ಬಟಾಟಿ ಆ ಬಿಗಿತವನ್ನು ತಡಮಾಡುತ್ತದೆ. ಹಿಟ್ಟಿನ ಹುಳಿ ಬೂಷ್ಟು ಹಿಡಿಯುವುದನ್ನು ತಡಮಾಡುತ್ತದೆ. ಎರಡೂ ಕೂಡಿದ್ದರಿಂದ ಬಟಾಟಿ ಹಾಕಿದ ಹುಳಿ ಬ್ರೆಡ್ಡು ಬೇಕರಿಯ ಪಾವಿಗಿಂತ ಹೆಚ್ಚು ದಿನ ಮೆತ್ತಗೆ ಉಳಿಯುತ್ತದೆ.

ಹಿಟ್ಟಿನ ಸ್ವಲ್ಪ ಭಾಗಕ್ಕೆ ಕುದಿನೀರು ಸುರಿದು ಬ್ರೆಡ್ ಮೆತ್ತಗಾಗಿಸುವುದು ಜಪಾನಿನ ಬೇಕರಿಗಳಲ್ಲೂ ಉಂಟು; ಅಲ್ಲಿ ಅದನ್ನು ಯೂದಾನೆ ಎನ್ನುತ್ತಾರೆ. ಬಟಾಟಿಯನ್ನೇ ಬ್ರೆಡ್ಡಿಗೆ ಹಾಕುವುದಕ್ಕೆ ಯೂರೋಪಿನಲ್ಲಿ ಹಸಿವಿನ ಚರಿತ್ರೆಯಿದೆ. ಫ್ರಾನ್ಸಿನ ಪಾರ್ಮಾಂತಿಯೇ ಎಂಬ ಔಷಧ ತಜ್ಞ 1770ರ ದಶಕದಲ್ಲಿ, ಗೋಧಿ ಸಿಗದ ವರ್ಷಗಳಿಗೆಂದು ಬಟಾಟಿಯ ಬ್ರೆಡ್ ಮಾಡುವ ಬಗೆಯನ್ನು ಪುಸ್ತಕ ಬರೆದು ಹೇಳಿದ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಸರ್ಕಾರ ಹಿಟ್ಟು ಉಳಿಸಲು ಬ್ರೆಡ್ಡಿಗೆ ಬಟಾಟಿ ಬೆರೆಸಿತು. ಈಸ್ಟ್ ಅಂಗಡಿಯಲ್ಲಿ ಸಿಗದ ಕಾಲದಲ್ಲಿ ಬಟಾಟಿ ಬೇಯಿಸಿದ ನೀರನ್ನೇ ಈಸ್ಟ್ ಬೆಳೆಸಲು ಬಳಸಿದ ಮನೆಗಳು ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಬೇಕಾದಷ್ಟಿದ್ದವು. ಅವರಿಗೆ ಬಟಾಟಿ ಹಿಟ್ಟಿನ ಕೊರತೆ ತುಂಬುವ ವಸ್ತುವಾಗಿತ್ತು. ಈ ಸೀಮೆಯಲ್ಲಿ ಕೊರತೆಯ ಮಾತಿಲ್ಲ. ಇಲ್ಲಿ ಅದು ಏಕಾದಶಿಯ ಮಿಗತೆ.

ಬಹಳ ದಿನ ತಾಳುವ ಬುತ್ತಿಯ ಲೆಕ್ಕದಲ್ಲಿ ಈ ನಾಡಿಗೆ ಯಾರೂ ಪಾಠ ಹೇಳಬೇಕಿಲ್ಲ. ಮಿರಜ್–ಲೋಂಡಾ ಹಳಿಯ ಮೇಲೆ ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗ ದಾಟುವ ಪ್ಯಾಸೆಂಜರಿನಲ್ಲಿ ಕೂತು ನೋಡಿ. ಮಧ್ಯಾಹ್ನವಾಗುತ್ತಲೇ ಅರಿವೆಯ ಗಂಟು ಬಿಚ್ಚುತ್ತದೆ, ಕಟಕ ರೊಟ್ಟಿ ಮುರಿಯುವ ಸದ್ದು ಹಳಿಯ ಸದ್ದಿನ ಜೊತೆ ಬೆರೆಯುತ್ತದೆ. ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದಿಷ್ಟು ಕೆನೆಮೊಸರು, ಗುದ್ದಿ ಒಡೆದ ಉಳ್ಳಾಗಡ್ಡಿ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಗಾಡಿ ಹೂಡಿಕೊಂಡು ಬರುವವರು ದಿನಗಟ್ಟಲೆ ಉಣ್ಣುವಷ್ಟು ಬುತ್ತಿ ಕಟ್ಟಿ ತರುತ್ತಾರೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿ ಈ ಸೀಮೆಯ ನದಿದಂಡೆಯ ಊರುಗಳು ಖಾಲಿಯಾದಾಗ, ಒಲೆ ಹಚ್ಚಲಾಗದ ಮಂದಿಯ ಕೈಗೆ ಮೊದಲು ಬಂದು ಮುಟ್ಟಿದ್ದರಲ್ಲಿ ಬೇರೆ ಊರುಗಳ ಹೆಣ್ಣುಮಕ್ಕಳು ಬಡಿದು ಕಳಿಸಿದ ರೊಟ್ಟಿಯ ಗಂಟುಗಳಿದ್ದವು. ಒಣಗಿಸಿ ಉಳಿಸುವುದು ರೊಟ್ಟಿಯ ದಾರಿ. ಒದ್ದೆಯಾಗಿಯೇ ಉಳಿಸುವುದು ಬಟಾಟಿ ಬ್ರೆಡ್ಡಿನ ದಾರಿ.

ಆದರೆ ಈ ಬ್ರೆಡ್ಡು ಹೊಗಲಾರದ ಮನೆಗಳೂ ಇಲ್ಲಿವೆ. ಕೃಷ್ಣಾ, ದೂಧಗಂಗಾ ದಂಡೆಯುದ್ದಕ್ಕೂ ತಲೆತಲಾಂತರದಿಂದ ಒಕ್ಕಲುತನ ಮಾಡಿಕೊಂಡು ಬಂದ ದಿಗಂಬರ ಜೈನ ಮನೆತನಗಳಿವೆ. ನಿಪ್ಪಾಣಿಯ ಪಕ್ಕದ ಘಾಟಿನಲ್ಲಿ ಸ್ತವನಿಧಿ ಕ್ಷೇತ್ರ. ವೇದಗಂಗೆ, ದೂಧಗಂಗೆ ಕೂಡುವ ಭೋಜವು ದಿಗಂಬರ ಮುನಿ ಆಚಾರ್ಯ ಶಾಂತಿಸಾಗರರ (1872–1955) ಊರು. ಕಾಗವಾಡದ ಬದಿಯ ಶೇಡಬಾಳದಲ್ಲಿ 1925ರಲ್ಲಿ ಆಚಾರ್ಯ ವಿದ್ಯಾನಂದರು ಹುಟ್ಟಿದರು. ವ್ರತ ಹಿಡಿದ ಜೈನ ಮನೆಯಲ್ಲಿ ನೆಲದೊಳಗಿನ ಗಡ್ಡೆ ತಿನ್ನುವುದಿಲ್ಲ, ರಾತ್ರಿ ಕಳೆದ ಅಡಿಗೆ ಉಣ್ಣುವುದಿಲ್ಲ, ಜೀವಾಣು ಹುಟ್ಟುವಂತೆ ಹುಳಿಸಿದ್ದನ್ನು ಮುಟ್ಟುವುದಿಲ್ಲ. ಬಟಾಟಿ, ತಂಗಳು, ಹುಳಿಹಿಟ್ಟು, ನಮ್ಮ ಬ್ರೆಡ್ಡಿನ ಮೂರು ಕಾಲೂ ಅಲ್ಲಿ ನಿಲ್ಲುವುದಿಲ್ಲ. ಏಕಾದಶಿಯ ಬೆನ್ನಿಗೇ ಚಾತುರ್ಮಾಸ ಬರುವುದರಿಂದ ಈ ದಿನಗಳಲ್ಲಿ ಕಟ್ಟುನಿಟ್ಟು ಇನ್ನೂ ಹೆಚ್ಚು. ಅಂಥ ಮನೆಯ ವಡಾದೊಳಗೆ ಬಟಾಟಿಯ ಬದಲು ಬಾಳೆಕಾಯಿ; ಹೊತ್ತು ಮುಳುಗುವ ಮುಂಚೆ ಊಟ; ರೊಟ್ಟಿ ಅಂದಂದಿನದೇ. ಚಿಕ್ಕೋಡಿಯ ಸೊಸೆಯ ಪಕ್ಕದ ಮನೆಯೇ ಅಂಥದ್ದು. ಹಬ್ಬದ ಹೋಳಿಗೆ ಗೋಡೆಯ ಮೇಲಿಂದ ಎರಡೂ ಕಡೆ ಹೋಗಿ ಬರುತ್ತದೆ. ಬ್ರೆಡ್ ಮಾತ್ರ ಈಚೆಯೇ ಉಳಿಯುತ್ತದೆ. ಕೊಡಬಾರದ್ದು ಯಾವುದೆಂದು ತಿಳಿದಿರುವುದು ಈ ಊರುಗಳಲ್ಲಿ ನೆರೆಹೊರೆಯ ಮೊದಲ ಪಾಠ.

ಹಿಟ್ಟು ಏಳುವ ಹೊತ್ತು ಋತುವಿನ ಕೈಯಲ್ಲಿದೆ. ಏಪ್ರಿಲ್, ಮೇ ತಿಂಗಳ ಧಗೆಯಲ್ಲಿ ಮೂರು–ನಾಲ್ಕು ತಾಸು ಸಾಕು, ಮರೆತರೆ ಹುಳಿ ಮೀರುತ್ತದೆ. ಸಂಕ್ರಾಂತಿಯ ಚಳಿಯಲ್ಲಿ ರಾತ್ರಿಯಿಡೀ ಬೇಕು. ಆಷಾಢದ ಈ ತಂಪಿನಲ್ಲಿ ಬೆಳಗಿನ ಹಿಟ್ಟು ಮಧ್ಯಾಹ್ನ ಇಳಿಯುವಷ್ಟರಲ್ಲಿ ಒಂದಕ್ಕೆ ಒಂದೂವರೆಯಾಗಿದೆ. ಸೊಸೆ ನಡುವೆ ಆಗಾಗ ಬಂದು ಕೈ ಒದ್ದೆ ಮಾಡಿಕೊಂಡು ಹಿಟ್ಟಿನ ಅಂಚು ಎಳೆದು ಮಡಚಿ ಹೋಗಿದ್ದಾಳೆ, ಅದರ ನಡುವೆ ಕಂಪನಿಯ ಮೀಟಿಂಗೂ ಮುಗಿಸಿದ್ದಾಳೆ. ಈಗ ಒಣಹಿಟ್ಟು ಉದುರಿಸಿದ ಅರಿವೆಯಲ್ಲಿ ಗುಂಡಗೆ ಕಟ್ಟಿ, ಬಿದಿರಿನ ಬುಟ್ಟಿಯಲ್ಲಿ ಇಟ್ಟು, ಮಗನ ಕೈಯಲ್ಲಿ ಕೊಡೆ ಹಿಡಿಸಿ ಬೇಕರಿಗೆ ಹೊರಡುತ್ತಾಳೆ.

ಸಂಜೆಯ ಪಾವು ಸುಟ್ಟು ಮುಗಿದಿದೆ. ಪಾವಿಗೆ ಬೇಕಾದದ್ದು ಜೋರು ಕಾವು, ಸ್ವಲ್ಪ ಹೊತ್ತು. ದಪ್ಪ ಬ್ರೆಡ್ಡಿಗೆ ಬೇಕಾದದ್ದು ಇಳಿಯುತ್ತಿರುವ ಕಾವು, ಮುಕ್ಕಾಲು ಗಂಟೆ. ಕೆಂಡ ಗುಡಿಸಿದ ಮೇಲೂ ಭಟ್ಟಿಯ ಇಟ್ಟಿಗೆಗಳು ಬಿಸಿ ಹಿಡಿದುಕೊಂಡಿರುತ್ತವೆ. ಅದು ಹೇಗೂ ಪುಕ್ಕಟೆ ಆರಿಹೋಗುವ ಕಾವು. ಭಟ್ಟಿಯವನು ಹಿಟ್ಟನ್ನು ಒಮ್ಮೆ ಬೆರಳಿನಿಂದ ಒತ್ತಿ ನೋಡಿದ. ಕುಳಿ ನಿಧಾನ ಮೇಲೆ ಬಂತು.

“ವೈನಿ, ಈಸ್ಟ್ ಹಾಕಿಲ್ಲೇನ್ರಿ?”

“ಇಲ್ರಿ ಅಣ್ಣಾ, ಮನಿ ಹುಳೀನ.”

“ಹಂಗಾರ ಬ್ಲೇಡ್‌ಲೆ ಮ್ಯಾಲ ಒಂದ ಗೀರ ಹಾಕತೇನಿ. ಇಲ್ಲಂದ್ರ ಎಲ್ಲಿ ಬೇಕಾದಲ್ಲೆ ಒಡೀತೈತಿ.”

ಉದ್ದ ಕೋಲಿನ ಹಲಗೆಯ ಮೇಲೆ ಹಿಟ್ಟಿನ ಗುಂಡು ಕತ್ತಲೆಯೊಳಗೆ ಹೋಯಿತು. ಒಂದು ತಂಬಿಗೆ ನೀರನ್ನು ತಗಡಿನ ಮೇಲೆ ಸುರಿದು ಅವನು ಬಾಗಿಲು ಎಳೆದ. ಒಳಗೆ ಆವಿ ತುಂಬಿಕೊಂಡರೆ ಮೇಲ್ಪದರ ಬೇಗ ಗಟ್ಟಿಯಾಗುವುದಿಲ್ಲ, ಬ್ರೆಡ್ಡಿಗೆ ಏಳಲು ಪುರಸೊತ್ತು ಸಿಗುತ್ತದೆ. ಹೊರಗೆ ತಗಡಿನ ಮೇಲೆ ಮಳೆ, ಒಳಗೆ ಚಹಾದ ಕಪ್ಪುಗಳು. ಮೊದಲು ಬಂದದ್ದು ಹಿಟ್ಟಿನ ವಾಸನೆ, ಆಮೇಲೆ ಹುಳಿಯದು, ಕೊನೆಗೆ ತುಪ್ಪದಲ್ಲಿ ಕರಿದ ಜೀರಿಗೆಯದು. ಬಾಗಿಲು ತೆರೆದಾಗ ಗೀರು ಬಿದ್ದಲ್ಲಿ ಬಾಯಿಬಿಟ್ಟ, ಕಂದುಬಣ್ಣದ ಗುಂಡನೆಯ ಬ್ರೆಡ್ಡು. ತಳ ತಟ್ಟಿದರೆ ಟೊಳ್ಳು ಸದ್ದು. “ಬೆಂದೈತ್ರಿ” ಎಂದು ಭಟ್ಟಿಯವನು ತೀರ್ಪು ಕೊಟ್ಟ.

ಬಿಸಿ ಇರುವಾಗ ಕೊಯ್ದರೆ ಒಳಗಿನ ಬಟಾಟಿಯ ಪಿಷ್ಟ ಚಾಕುವಿಗೆ ಅಂಟುತ್ತದೆ. ಅದಕ್ಕೆ ರಾತ್ರಿ ಊಟದ ಹೊತ್ತಿನವರೆಗೆ ಕಾಯಲೇಬೇಕು. ಕೊಯ್ದಾಗ ಒಳಗು ಕೆನೆಬಣ್ಣ, ಸಣ್ಣಸಣ್ಣ ತೂತು, ಒತ್ತಿದರೆ ತಗ್ಗಿ ಮೇಲೇಳುವ ಮೆತ್ತನೆ. ಬಟಾಟಿಯ ರುಚಿ ಬೇರೆಯಾಗಿ ನಾಲಿಗೆಗೆ ಸಿಗುವುದಿಲ್ಲ. ಹಿಟ್ಟಿನ ಹುಳಿಯ ಅಂಚನ್ನು ಅದು ಸವೆಸಿದೆ ಎಂಬುದಷ್ಟೇ ತಿಳಿಯುತ್ತದೆ. ಮೊಮ್ಮಗ ಬೆಣ್ಣೆ ಹಚ್ಚಿಕೊಂಡ. ಸೊಸೆ ಕಟ್‌ನಲ್ಲಿ ಅದ್ದಿದಳು. ಅತ್ತೆ ಗಟ್ಟಿ ಅಂಚನ್ನು ಮೊಮ್ಮಗನ ತಾಟಿಗೆ ಹಾಕಿ, ನಡುವಿನ ಮೆತ್ತನೆಯದರ ಮೇಲೆ ಶೇಂಗಾ ಹಿಂಡಿ, ಮೊಸರು ಹಾಕಿಕೊಂಡು ಸಾವಕಾಶ ತಿಂದರು.

“ಪಾವಿಗಿಂತ ಚಲೋ ಐತಿ. ರೊಟ್ಟಿಗಿ ಸಮ ಅಲ್ಲ.”

ನ್ಯಾಯವಾದ ತೀರ್ಪು. ಬಿಸಿ ರೊಟ್ಟಿಗೆ ಸಮವಾಗಬೇಕೆಂಬ ಹಟ ಈ ಬ್ರೆಡ್ಡಿಗೂ ಇಲ್ಲ. ಮೈದಾ, ಡಾಲ್ಡಾ, ಸಕ್ಕರೆಯ ಬೇಕರಿ ಪಾವಿನ ಜಾಗದಲ್ಲಿ ಇದನ್ನು ಇಟ್ಟು ನೋಡಬೇಕು. ಮಕ್ಕಳ ಬೆಳಗಿನ ಚಹಾಕ್ಕೆ, ಶಾಲೆಯ ಡಬ್ಬಿಗೆ, ಮಿಸಳ್‌ನ ತಾಟಿಗೆ.

ಮಾಡಿ ನೋಡುವವರಿಗೆ ಅಳತೆ ಇಷ್ಟು. ಮೈದಾ 250 ಗ್ರಾಂ, ಗಿರಣಿಯ ಗೋಧಿ ಹಿಟ್ಟು 150 ಗ್ರಾಂ, ಚುರುಕಾಗಿ ಉಬ್ಬಿದ ಹುಳಿಹಿಟ್ಟು 100 ಗ್ರಾಂ, ಹಿಸುಕಿದ ಬಟಾಟಿ 150 ಗ್ರಾಂ. ನೀರು 180 ಗ್ರಾಮಿನಿಂದ ಶುರು ಮಾಡಿ, ಹಿಟ್ಟು ಕೇಳಿದರೆ ಮಾತ್ರ ಇನ್ನಷ್ಟು. ಉಪ್ಪು 8 ಗ್ರಾಂ. ಬಟಾಟಿಗೆ ಮೊದಲೇ ಬಿದ್ದಿದ್ದರೆ ಅದಕ್ಕೂ ಕಡಿಮೆ. ಹತ್ತಿರ ಭಟ್ಟಿ ಇಲ್ಲದವರು ಬೀಡಿನ ಮುಚ್ಚಳದ ಪಾತ್ರೆಯನ್ನು ಓವನ್ನಿನಲ್ಲಿ 230 ಡಿಗ್ರಿಗೆ ಕಾಯಿಸಿ, ಮುಚ್ಚಿ 20 ನಿಮಿಷ, ಮುಚ್ಚಳ ತೆಗೆದು ಕಾವನ್ನು ಕೊಂಚ ಇಳಿಸಿ ಇನ್ನೊಂದು 25 ನಿಮಿಷ ಬೇಯಿಸಿದರೆ ಸಾಕು. ಬಟಾಟಿ ಉಳಿದ ಕೂಡಲೇ ಫ್ರಿಜ್ಜಿಗೆ ಹೋಗಿರಬೇಕು; ಹೊರಗೆ ರಾತ್ರಿ ಕಳೆದದ್ದು ಬೇಡ.

ಮುಂದಿನ ಏಕಾದಶಿಯ ಮರುದಿನ ಡಬ್ಬಿಯ ತಳದಲ್ಲಿ ಬಟಾಟಿ ಉಳಿದರೆ ಒಮ್ಮೆ ಹಿಟ್ಟಿಗೆ ನಾದಿ ನೋಡಿ. ಎಸರು ಇಟ್ಟು ರೊಟ್ಟಿ ಬಡಿದ ಕೈಗೆ, ಅಂಬಲಿಗೆ ಹುಳಿ ಹಿಡಿಸಿ ಗೊತ್ತಿರುವ ಕೈಗೆ ಇದರಲ್ಲಿ ಹೊಸದಾಗಿ ಕಲಿಯಬೇಕಾದದ್ದು ಬಹಳವಿಲ್ಲ. ನೀರು ಮಾತ್ರ ಕಡಿಮೆ ಹಾಕಿ.